ನೆಲಮಂಗಲ–ದಾಬಸ್‌ಪೇಟೆ ಸಣ್ಣ ಕೈಗಾರಿಕೆಗಳ ಸರ್ವೆ: ಕಾಲೇಜಿನ ಜೊತೆ ಸೇರಿ ಮಾಡೋದು ಹೇಗೆ?

ಶೆಡ್ ನಂ. 14

ಎಲ್ಲರಿಗೂ ನಮಸ್ಕಾರ. ತುಮಕೂರು ರಸ್ತೆಯಲ್ಲಿ ನೆಲಮಂಗಲದಿಂದ ದಾಬಸ್‌ಪೇಟೆವರೆಗಿನ ಸಣ್ಣ ಕೈಗಾರಿಕೆಗಳ ಸಂಘದ ಪರವಾಗಿ ಕೇಳ್ತಿದೀನಿ. ನಮ್ಮ ಪಟ್ಟಿಯಲ್ಲಿ ಸುಮಾರು 640 ಯೂನಿಟ್ ಇವೆ. ಮುಕ್ಕಾಲು ಪಾಲು ಮೆಷಿನಿಂಗ್ ಜಾಬ್ ವರ್ಕ್ (ಬೇರೆಯವರ ಮಾಲಿಗೆ ಯಂತ್ರದ ಕೆಲಸ ಮಾಡಿಕೊಡೋದು), ಉಳಿದದ್ದು ಶೀಟ್ ಮೆಟಲ್, ಪ್ಲಾಸ್ಟಿಕ್ ಮೋಲ್ಡಿಂಗ್, ಪ್ಯಾಕಿಂಗ್. ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜು, ಜೊತೆಗೆ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ಕೈಜೋಡಿಸೋಕೆ ಮುಂದೆ ಬಂದಿವೆ. "ಪ್ರಾದೇಶಿಕ ಕೈಗಾರಿಕಾ ಡೇಟಾ ಕೇಂದ್ರ" ಅಂತ 11 ಪುಟದ ಎಂಒಯು (ಒಪ್ಪಂದ) ಕರಡು ಕಳಿಸಿದಾರೆ. ಡ್ಯಾಶ್‌ಬೋರ್ಡ್ ಮಾಡಿಕೊಡ್ತೀವಿ ಅಂತಿದೆ.

ಗೊತ್ತಾಗಬೇಕಿರೋದು ಇಷ್ಟು. ಸರ್ಕಾರದ ಬಳಿ ಈಗಾಗ್ಲೇ ಇರೋ ಅಂಕಿಅಂಶದಲ್ಲಿ ಯಾವುದನ್ನ ನಂಬಬಹುದು? ಶೆಡ್ಡಿಂದ ಶೆಡ್ಡಿಗೆ ಹೋಗಿ ಕೇಳೋದು ವಿದ್ಯಾರ್ಥಿಗಳಿಂದ ಆಗುತ್ತಾ, ಎಷ್ಟು ದಿನ ಹಿಡಿಯುತ್ತೆ? ಸಹಿ ಹಾಕೋಕೆ ಮುಂಚೆ ಎಂಒಯುನಲ್ಲಿ ಏನು ನೋಡ್ಕೋಬೇಕು? ಕೊಟ್ಟ ಮಾಹಿತಿ ಯಾವ ಇಲಾಖೆಯ ಮೇಜಿನ ಮೇಲೆ ಹೋಗಿ ಕೂರುತ್ತೋ ಅನ್ನೋದೊಂದೇ ನಮ್ಮ ಸದಸ್ಯರ ಭಯ.

ಅಂಕಿಸಂಕಿ

ಮೊದಲು ಆ ಡ್ಯಾಶ್‌ಬೋರ್ಡ್ ಅನ್ನೋ ಪದವನ್ನ ಕರಡಿಂದ ಹೊಡೆದು ಹಾಕಿ ಸರ್. ಮಾಡಿಕೊಡೋದು ಸುಲಭ, ಉದ್ಘಾಟನೆ ದಿನ ಚೆನ್ನಾಗೂ ಕಾಣುತ್ತೆ. ಎರಡನೇ ವರ್ಷ ಅದಕ್ಕೆ ಹೊಸ ಅಂಕಿ ತುಂಬೋರು ಯಾರು ಅಂತ ಇಂಥ ಕರಡುಗಳಲ್ಲಿ ಒಂದು ಸಾಲೂ ಇರಲ್ಲ. ಅದರ ಬದಲು ಮುಂದಿನ 12 ತಿಂಗಳಲ್ಲಿ ಸಂಘ ತಗೊಳ್ಳಲೇಬೇಕಾದ ಒಂದು ತೀರ್ಮಾನ ಯಾವುದು ಅಂತ ಬರೀರಿ. ಉತ್ತರ ಹೀಗೆ ಬಂದ್ರೆ ಇದು, ಹಾಗೆ ಬಂದ್ರೆ ಅದು ಅಂತ ಸರ್ವೆಗೆ ಮುಂಚೆಯೇ ಬರೆದಿಡಿ. ಯಾವ ಉತ್ತರ ಬಂದ್ರೂ ಮಾಡೋ ಕೆಲಸ ಒಂದೇ ಆಗಿದ್ರೆ ಆ ಪ್ರಶ್ನೆ ಫಾರಂನಲ್ಲಿ ಬೇಡ.

ಇನ್ನು ಇರೋ ದತ್ತಾಂಶ. ಉದ್ಯಮ್, ಅಂದ್ರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, 2020ರ ಜುಲೈ 1ರಿಂದ ನಡೀತಿದೆ. ಹೆಸರು ಹುಡುಕೋಕೆ ಒಳ್ಳೇದು, ಎಣಿಸೋಕೆ ಅಲ್ಲ. ಅದು ಸ್ವಯಂ ಘೋಷಣೆ, ಮುಚ್ಚಿದ ಯೂನಿಟ್ಟು ತಾನಾಗಿ ಪಟ್ಟಿಯಿಂದ ಹೋಗಲ್ಲ, ಕಾರ್ಮಿಕರ ಸಂಖ್ಯೆ ನೋಂದಣಿ ದಿನ ಬರೆದದ್ದೇ ಉಳಿದಿರುತ್ತೆ. ಒಂದು ಪ್ಯಾನ್‌ಗೆ ಒಂದೇ ನೋಂದಣಿ, ಹಾಗಾಗಿ ಒಬ್ಬರ ಮೂರು ಶೆಡ್ಡು ಒಂದೇ ಸಾಲಲ್ಲಿ ಕೂತಿರುತ್ತೆ. ಎನ್‌ಐಸಿ ಕೋಡ್, ಅಂದ್ರೆ ಉದ್ಯಮ ಯಾವ ಬಗೆಯದು ಅಂತ ಹೇಳೋ ಸಂಖ್ಯೆ, ಆರಿಸೋದು ಎಷ್ಟೋ ಸಲ ಸೈಬರ್ ಸೆಂಟರ್ ಹುಡುಗ. ಮೆಷಿನಿಂಗ್ ಜಾಬ್ ವರ್ಕ್ ಬರಬೇಕಾದ್ದು 2592ರ ಕೆಳಗೆ, ಆದ್ರೆ ಅದೇ ಕೆಲಸದೋರು 28ರ ಯಂತ್ರೋಪಕರಣದಲ್ಲೂ ಸಿಗ್ತಾರೆ, 29ರ ವಾಹನ ಬಿಡಿಭಾಗದಲ್ಲೂ ಸಿಗ್ತಾರೆ. ಒಂದೇ ಕೋಡಲ್ಲಿ ಹುಡುಕಿದ್ರೆ ಅರ್ಧ ಜನ ಕೈ ತಪ್ಪಿ ಹೋಗ್ತಾರೆ. ಇನ್ನೊಂದು: 2025ರ ಏಪ್ರಿಲ್ 1ಕ್ಕೆ ಮಿತಿಗಳು ಬದಲಾದವು. ಸೂಕ್ಷ್ಮ ಅಂದ್ರೆ ಈಗ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿವರೆಗೆ. ಹಿಂದೆ ಅದು 1 ಮತ್ತು 5 ಕೋಟಿ ಇತ್ತು. ಹಳೇ ವರ್ಷದ "ಸಣ್ಣ" ಜೊತೆ ಈ ವರ್ಷದ "ಸಣ್ಣ" ಹೋಲಿಸಿ, ಸಣ್ಣ ಕೈಗಾರಿಕೆ ಕುಸೀತು ಅಂತ ಯಾರಾದ್ರೂ ಪ್ರಬಂಧ ಬರೆದ್ರೆ ಆಶ್ಚರ್ಯ ಪಡಬೇಡಿ.

ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ, ಅಂದ್ರೆ ಎಎಸ್‌ಐ, ಇಲ್ಲಿವರೆಗೆ ಕಟ್ಟಿರೋದು 1948ರ ಕಾರ್ಖಾನೆ ಕಾಯ್ದೆಯ ಲೆಕ್ಕದ ಮೇಲೆ: ವಿದ್ಯುತ್ ಇದ್ರೆ 10 ಕೆಲಸಗಾರರು, ಇಲ್ಲದಿದ್ರೆ 20. ಅದಕ್ಕಿಂತ ಚಿಕ್ಕ ಶೆಡ್ಡುಗಳು ಸಾಮಾನ್ಯವಾಗಿ ಅದರಲ್ಲಿ ಇರಲ್ಲ. ರಾಜ್ಯದ ಚಿತ್ರಕ್ಕೆ ಸರಿ, ತಾಲ್ಲೂಕಿಗೆ ಇಳಿಸಬೇಡಿ. ಆರ್ಥಿಕ ಗಣತಿ ನೆಚ್ಚಿಕೊಳ್ಳೋ ಹಾಗಿಲ್ಲ, ಪ್ರಕಟವಾಗಿರೋ ಕೊನೆಯದು 2013ರ ಆರನೆಯದು.

ಕೊನೆಗೆ ಹೆಸರಿನ ಗೋಳು. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು. ನಿಮ್ಮ ಬೆಂಗಳೂರು ಗ್ರಾಮಾಂತರವನ್ನ ಬೆಂಗಳೂರು ಉತ್ತರ ಮಾಡೋಕೆ ಅದೇ ವರ್ಷ ಸಂಪುಟ ಒಪ್ಪಿತು. ಆದ್ರೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಅನ್ನೋ ತಾಲ್ಲೂಕುಗಳು ನಗರ ಜಿಲ್ಲೆಯೊಳಗೆ ಮೊದಲಿಂದಲೇ ಇವೆ. ಎರಡು ಫೈಲನ್ನ ಹೆಸರು ನೋಡಿ ಜೋಡಿಸಿದ್ರೆ ಪೀಣ್ಯದ ಯೂನಿಟ್ಟು ದಾಬಸ್‌ಪೇಟೆ ಇರೋ ಜಿಲ್ಲೆಗೆ ಬಂದು ಕೂರುತ್ತೆ, ಯಾರಿಗೂ ಗೊತ್ತೂ ಆಗಲ್ಲ. ಹೆಸರಿನ ಮೇಲೆ ಜೋಡಿಸಲೇಬೇಡಿ, ಎಲ್‌ಜಿಡಿ ಕೋಡ್ (ಪ್ರತಿ ಜಿಲ್ಲೆ, ತಾಲ್ಲೂಕು, ಊರಿಗೆ ಸರ್ಕಾರ ಕೊಟ್ಟ ಸಂಖ್ಯೆ) ಹಾಕಿ. ಅದಿಲ್ಲದ ಫೈಲಿಗೆ ಪಿನ್‌ಕೋಡ್ ನೋಡಿ ಕೈಯಿಂದಲೇ ಹಾಕ್ಬೇಕು.

ಲೇತ್‌ಮನೆ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಶೆಡ್ಡಿಗೆ ಹೋಗೋ ವಿಷಯಕ್ಕೆ ಬರ್ತೀನಿ.

640ಕ್ಕೂ ದೊಡ್ಡ ಫಾರಂ ತುಂಬಿಸೋಕೆ ಹೋಗ್ಬೇಡಿ. ಎರಡು ಸುತ್ತು ಮಾಡಿ. ಮೊದಲ ಸುತ್ತು ಬರೀ ಪಟ್ಟಿ: ಗೇಟಿನಲ್ಲಿ ನಿಂತು 3 ನಿಮಿಷ. ಬೋರ್ಡಿನ ಹೆಸರು, ನಡೀತಿದೆಯೋ ಮುಚ್ಚಿದೆಯೋ, ಮುಖ್ಯ ಕೆಲಸ ಏನು, ಹೆಚ್ಚುಕಡಿಮೆ ಎಷ್ಟು ಜನ, ಒಂದು ಫೋನ್ ನಂಬರ್. ಇಬ್ಬರ ಒಂದು ತಂಡ ದಿನಕ್ಕೆ 40 ಮುಗಿಸಬಹುದು, ನಾಲ್ಕು ತಂಡ ಇದ್ರೆ ನಾಲ್ಕು ದಿನ, ತಪ್ಪಿದ್ದಕ್ಕೆ ಇನ್ನೊಂದು ದಿನ. ಇಷ್ಟರಲ್ಲೇ ನಿಮ್ಮ 640 ಎಷ್ಟಕ್ಕೆ ಇಳಿಯುತ್ತೆ ಅಥವಾ ಏರುತ್ತೆ ಅನ್ನೋದು ಗೊತ್ತಾಗುತ್ತೆ.

ಎರಡನೇ ಸುತ್ತು 120 ಯೂನಿಟ್ ಮಾತ್ರ, ಗಾತ್ರದ ಪ್ರಕಾರ ಗುಂಪು ಮಾಡಿ ಚೀಟಿ ಎತ್ತಿದ್ದು. 640ರಲ್ಲಿ 120 ಅಂದ್ರೆ ಶೇಕಡಾವಾರು ಉತ್ತರದಲ್ಲಿ ಸಾಮಾನ್ಯವಾಗಿ ಸುಮಾರು 8 ಅಂಶದೊಳಗೆ ಆಚೀಚೆ. ಯಂತ್ರ ಕೊಳ್ಳೋದೋ ಬೇಡವೋ ಅನ್ನೋಕೆ ಅಷ್ಟು ಧಾರಾಳ ಸಾಕು. ಆದ್ರೆ ಅದನ್ನೇ ಮೂರು ಗುಂಪಿಗೆ ಒಡೆದ್ರೆ ಒಂದೊಂದರಲ್ಲಿ 40, ಆಗ ತಪ್ಪು 14 ಅಂಶದ ಹತ್ತಿರ ಹೋಗುತ್ತೆ. ಹಾಗಾಗಿ ಪ್ಲಾಸ್ಟಿಕ್‌ನವರದ್ದು ಬೇರೆ, ಶೀಟ್ ಮೆಟಲ್‌ದು ಬೇರೆ ಅಂತ ಆಮೇಲೆ ಕೇಳಬೇಡಿ.

ಫಾರಂ 14 ಪ್ರಶ್ನೆ, 12 ನಿಮಿಷ, ಅದಕ್ಕಿಂತ ಹೆಚ್ಚಾದ್ರೆ ಮಾಲೀಕರು ಫೋನ್ ಎತ್ತಿಕೊಂಡು ಎದ್ದು ಹೋಗ್ತಾರೆ. ವಹಿವಾಟು ಕೇಳಲೇಬೇಡಿ. ಸುಳ್ಳು ಬರುತ್ತೆ, ಆ ಸುಳ್ಳಿನಿಂದ ಉಳಿದ 13 ಉತ್ತರವೂ ಬಿಗಿಯಾಗುತ್ತೆ. ಎಷ್ಟು ಯಂತ್ರ ಅಂತಲೂ ಕೇಳಬೇಡಿ, ಹೋಗಿ ಎಣಿಸಿ. ನೇಮ್‌ಪ್ಲೇಟಲ್ಲಿ ವರ್ಷ ಇರುತ್ತೆ, ಬರ್ಕೊಳ್ಳಿ. ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಯಂತ್ರ) ಎಷ್ಟು, ಸಿಎನ್‌ಸಿ ಟರ್ನಿಂಗ್ ಎಷ್ಟು, ಹಳೇ ಲೇತ್ ಎಷ್ಟು. ಆಮೇಲೆ ಕಳೆದ ವಾರ ಯಾವ ಯಂತ್ರ ಎಷ್ಟು ಶಿಫ್ಟ್ ಓಡಿತು, ನಿಂತಿದ್ರೆ ಯಾಕೆ: ಆರ್ಡರ್ ಇಲ್ಲವೋ, ಆಪರೇಟರ್ ಇಲ್ಲವೋ, ಕರೆಂಟೋ, ಮೆಟೀರಿಯಲ್ಲೋ. ಈ ಕೊನೆಯದೇ ಇಡೀ ಸರ್ವೆಯ ಪ್ರಾಣ. ಆಪರೇಟರ್ ಇಲ್ಲದೆ ನಿಂತಿದ್ರೆ ತರಬೇತಿ ಕೇಂದ್ರ ಬೇಕು. ಆರ್ಡರ್ ಇಲ್ಲದೆ ನಿಂತಿದ್ರೆ ತರಬೇತಿ ಕೊಟ್ಟು ಏನು ಮಾಡ್ತೀರಿ?

ಒಂದು ಸಣ್ಣ ಕಳ್ಳದಾರಿ. ಕೆಲಸಗಾರರ ಸಂಖ್ಯೆಗೆ 1–9, 10–19, 20 ಮೇಲೆ ಅಂತ ಚೌಕ ಕೊಟ್ರೆ ಎಲ್ಲರೂ 9, 19 ಅಂತಾರೆ, ಯಾಕಂದ್ರೆ ಇಎಸ್‌ಐ ಶುರುವಾಗೋದು 10ಕ್ಕೆ, ಪಿಎಫ್ 20ಕ್ಕೆ. ಚೌಕಗಳನ್ನ 1–5, 6–14, 15–30, 30 ಮೇಲೆ ಅಂತ ಮಾಡಿ. ಗಡಿ ಚೌಕದ ಮಧ್ಯಕ್ಕೆ ಬಂದಾಗ ಹೆದರೋಕೆ ಕಾರಣ ಇರಲ್ಲ.

ಹೋಗೋ ದಿನ: ತಿಂಗಳ 12ರಿಂದ 18. ಅದಕ್ಕೆ ಮುಂಚೆ ಸಂಬಳ, 11ರ ಜಿಎಸ್‌ಟಿಆರ್-1 ರಿಟರ್ನ್. 20ಕ್ಕೆ ಇನ್ನೊಂದು ಜಿಎಸ್‌ಟಿ ರಿಟರ್ನ್, 3ಬಿ. ಕೊನೇ ವಾರ ಡಿಸ್ಪ್ಯಾಚ್ ಗಲಾಟೆ. ಮಾರ್ಚ್ ಪೂರ್ತಿ ಬಿಡಿ, ಆಯುಧಪೂಜೆ ವಾರ ಬಿಡಿ. ಫಾರಂ ತುಂಬಿಸೋ ಹೊತ್ತು ಬೆಳಿಗ್ಗೆ 11ರಿಂದ 1. ವಿದ್ಯಾರ್ಥಿಗಳ ಜೊತೆ ಸಂಘದ ಒಬ್ಬರು, ಆ ರಸ್ತೆಯವರೇ, ಮೊದಲ ಎರಡು ನಿಮಿಷ ಇರಬೇಕು. ಆಮೇಲೆ ಹೊರಗೆ ಹೋಗ್ಬೇಕು, ಪಕ್ಕದ ಶೆಡ್ಡಿನವನ ಮುಂದೆ ಯಾರೂ ಯಂತ್ರ ಖಾಲಿ ನಿಂತಿದೆ ಅನ್ನಲ್ಲ.

ಮಸೂದೆ ಮಾದಪ್ಪ

ಎಂಒಯು ಕುರಿತು. ಪ್ರಾಧ್ಯಾಪಕರು ಎಷ್ಟೇ ಉತ್ಸಾಹಿಗಳಾಗಿರಲಿ, ವಿಶ್ವವಿದ್ಯಾಲಯವನ್ನು ಮಾತಿಗೆ ಕಟ್ಟಿಹಾಕುವ ಸಹಿ ಕುಲಸಚಿವರದ್ದು. ಕಡತ ಅಲ್ಲಿಗೆ ಹೋಗಿ ಬರಲು ಎರಡು ತಿಂಗಳಾದರೂ ಇಟ್ಟುಕೊಳ್ಳಿ. ಕಾಲೇಜಿನ ಸೆಮಿಸ್ಟರ್ ಕಾಗದದ ಮೇಲೆ 16 ವಾರ. ಟೆಸ್ಟು, ಫೆಸ್ಟು, ಲ್ಯಾಬ್ ಪರೀಕ್ಷೆ ಕಳೆದರೆ ಕೆಲಸಕ್ಕೆ ಸಿಗುವುದು 9–10 ವಾರ. ಆದ್ದರಿಂದ ಒಂದೇ ಸೆಮಿಸ್ಟರಿನಲ್ಲಿ ಸರ್ವೆ, ವಿಶ್ಲೇಷಣೆ, ವರದಿ ಮೂರನ್ನೂ ತುರುಕಬೇಡಿ. ಮೊದಲ ಸೆಮಿಸ್ಟರಿಗೆ ಪಟ್ಟಿ ಮತ್ತು ಸರ್ವೆ, ಎರಡನೆಯದಕ್ಕೆ ವಿಶ್ಲೇಷಣೆ. ನಡುವೆ ಬ್ಯಾಚ್ ಬದಲಾಗುತ್ತದೆ. ಹಳಬರು ಹೋಗುವ ಮುಂಚೆ ಪ್ರತಿ ಕಾಲಂನ ಅರ್ಥ ಬರೆದ ಕೋಡ್‌ಪುಸ್ತಕ ಒಪ್ಪಿಸದಿದ್ದರೆ "ಕ್ಯೂ7_ಬಿ_ಹೊಸದು" ಅಂದರೇನು ಎಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ. ಕೋಡ್‌ಪುಸ್ತಕ ಕೈಸೇರಿದ ಮೇಲೆ ಕಂತಿನ ಹಣ ಎಂದು ಬರೆಸಿ. ಕೆಲಸ ಕನ್ಸಲ್ಟೆನ್ಸಿ ಲೆಕ್ಕದಲ್ಲಿ ಬಂದರೆ ಶೇ. 18 ಜಿಎಸ್‌ಟಿ ಸೇರುತ್ತದೆ, ಅದರ ಮೇಲೆ ವಿಶ್ವವಿದ್ಯಾಲಯದ ಓವರ್‌ಹೆಡ್ ಪಾಲು. ಎರಡನ್ನೂ ಬಜೆಟ್ಟಿನಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ.

ಸದಸ್ಯರ ಭಯಕ್ಕೆ ಉತ್ತರ ಭಾಷಣದಲ್ಲಿಲ್ಲ, ಕರಾರಿನಲ್ಲಿದೆ. ಹೆಸರು–ಫೋನ್ ಇರುವ ಫೈಲು ಬೇರೆ, ಉತ್ತರಗಳ ಫೈಲು ಬೇರೆ. ಎರಡನ್ನೂ ಜೋಡಿಸುವ ಸಂಖ್ಯೆಯ ಪಟ್ಟಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಳಿ, ವಾಟ್ಸಾಪ್ ಗುಂಪಿನಲ್ಲಲ್ಲ. ಕೆಲಸ ಮುಗಿದ 6 ತಿಂಗಳಿಗೆ ಆ ಪಟ್ಟಿ ಅಳಿಸಬೇಕು. ಪ್ರಕಟಿಸುವ ಕೋಷ್ಟಕದ ಯಾವುದೇ ಮನೆಯಲ್ಲಿ (ಚೌಕದಲ್ಲಿ) 5ಕ್ಕಿಂತ ಕಡಿಮೆ ಯೂನಿಟ್ ಇದ್ದರೆ ಆ ಮನೆ ಖಾಲಿ. ಇಲ್ಲಿ ಎಲ್ಲರೂ ಎಡವುತ್ತಾರೆ: ಸಾಲಿನ ಮೊತ್ತ ಹಾಗೇ ಬಿಟ್ಟು ಒಂದು ಮನೆ ಮಾತ್ರ ಮುಚ್ಚಿದರೆ ಕಳೆಯುವ ಲೆಕ್ಕ ಬಲ್ಲ ಯಾರು ಬೇಕಾದರೂ ತೆರೆಯಬಹುದು. ಆದ್ದರಿಂದ ಅದೇ ಸಾಲಿನಲ್ಲಿ ಇನ್ನೊಂದನ್ನೂ ಮುಚ್ಚಬೇಕು, ಕಂಬಸಾಲಿನಲ್ಲೂ ಹಾಗೆಯೇ. ಒಂದು ಮನೆಯ ಒಟ್ಟಿನಲ್ಲಿ ಒಂದೇ ಯೂನಿಟ್ಟಿನ ಪಾಲು ಶೇ. 70ಕ್ಕಿಂತ ಹೆಚ್ಚಿದ್ದರೆ, ಲೆಕ್ಕದಲ್ಲಿ ಎಷ್ಟು ಯೂನಿಟ್ಟುಗಳಿದ್ದರೂ ಆ ಮನೆ ಪ್ರಕಟಿಸಬಾರದು.

ಮಾಲೀಕರ ಹೆಸರು, ಮೊಬೈಲ್, ಪ್ಯಾನ್ ವೈಯಕ್ತಿಕ ದತ್ತಾಂಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ಅದರಲ್ಲಿ ವಿನಾಯಿತಿ ಇದೆ, ಆದರೆ ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು ಎಂಬ ಷರತ್ತಿನ ಮೇಲೆ. ಸರ್ವೆಯ ಪಟ್ಟಿಯನ್ನೇ ಇಟ್ಟುಕೊಂಡು ಆಮೇಲೆ "ನಿಮಗೆ ಸಾಲ ಬೇಕೇ" ಎಂದು ಬ್ಯಾಂಕಿನವರಿಂದ ಫೋನ್ ಮಾಡಿಸಿದರೆ ವಿನಾಯಿತಿ ಹೋಯಿತು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅರ್ಧ ಪುಟ ಸಾಕು.

ಪ್ರಕಟಣೆಗೆ ಮುನ್ನ ಸಂಘಕ್ಕೆ 30 ದಿನ ಓದಲು ಸಮಯ ಕೇಳಿ, ತಡೆಯುವ ಅಧಿಕಾರ ಕೇಳಬೇಡಿ. ಕೇಳಿದರೆ ಒಳ್ಳೆಯ ಪ್ರಾಧ್ಯಾಪಕರು ಎದ್ದು ಹೋಗುತ್ತಾರೆ, ಉಳಿಯುವವರು ನಿಮಗೆ ಬೇಕಾದವರಲ್ಲ.

ಶೆಡ್ ನಂ. 14

ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ, ಧನ್ಯವಾದ. ತೀರ್ಮಾನ ಯಾವುದು ಅಂತ ಕೇಳಿದ್ರಲ್ಲ, ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚಿನವರ ಒಲವು ಸಾಮೂಹಿಕ ಸೌಲಭ್ಯ ಕೇಂದ್ರದ ಮೇಲೆ: ಒಂದು ಸಿಎಂಎಂ (ತಯಾರಾದ ಭಾಗಗಳನ್ನ ನಿಖರವಾಗಿ ಅಳೆಯೋ ಯಂತ್ರ), ಇನ್ಸ್‌ಪೆಕ್ಷನ್ ರೂಮು. ಅರ್ಥಶಾಸ್ತ್ರದ ಮೇಷ್ಟ್ರು ಲೊಕೇಶನ್ ಕೋಶಂಟ್ (ಒಂದು ಉದ್ಯಮದ ಸ್ಥಳೀಯ ಪಾಲನ್ನ ರಾಜ್ಯದ ಪಾಲಿನಿಂದ ಭಾಗಿಸಿದ ಲೆಕ್ಕ) ತೆಗೆದು, ನಮ್ಮ ಕಡೆ ಲೋಹದ ಕೆಲಸ ರಾಜ್ಯಕ್ಕಿಂತ 3 ಪಟ್ಟು ದಟ್ಟವಾಗಿದೆ, ಕೇಂದ್ರಕ್ಕೆ ಇದೇ ಸಮರ್ಥನೆ ಅಂತಾರೆ. ಬೆಸ್ಕಾಂ ದತ್ತಾಂಶ ಕೇಳಿ ನೋಡಿ ಅಂತಲೂ ಒಬ್ಬರು ಹೇಳಿದ್ರು. ಏನಂತೀರಿ?

ಅಂಕಿಸಂಕಿ

ಆ 3ರ ಒಳಗೆ ಯಾರಿದ್ದಾರೆ ಅಂತ ಮೇಷ್ಟ್ರನ್ನ ಕೇಳಿ. ಲೆಕ್ಕಕ್ಕೆ ಹೀಗೆ ಅಂದ್ಕೊಳ್ಳಿ: ತಾಲ್ಲೂಕಿನ ಒಟ್ಟು ಉದ್ಯೋಗ 20,000, ಅದರಲ್ಲಿ ಲೋಹದ ಕೆಲಸ 3,000, ಅಂದ್ರೆ ಶೇ. 15. ರಾಜ್ಯದಲ್ಲಿ ಅದೇ ಶೇ. 5. 15ನ್ನ 5ರಿಂದ ಭಾಗಿಸಿದ್ರೆ 3. ಈಗ ಆ 3,000ದಲ್ಲಿ 2,200 ಜನ ಒಂದೇ ದೊಡ್ಡ ಕಾರ್ಖಾನೆಯವರಾಗಿದ್ರೆ? ಅದನ್ನ ಎರಡೂ ಕಡೆಯಿಂದ ತೆಗೀರಿ. 17,800ರಲ್ಲಿ 800, ಶೇ. 4.5. ಕೋಶಂಟ್ 0.9ಕ್ಕೆ ಬಿತ್ತು. ದಟ್ಟಣೆ ಇದ್ದದ್ದು ಒಂದು ಕಾಂಪೌಂಡಿನೊಳಗೆ, ನಿಮ್ಮ ಶೆಡ್ಡುಗಳಲ್ಲಲ್ಲ. ಆ ದೊಡ್ಡವರಿಗೆ ನಿಮ್ಮ ಸಿಎಂಎಂ ಬೇಕಾಗಿಲ್ಲ, ಅವರ ಹತ್ರ ಇರುತ್ತೆ. ಇನ್ನು ಫೈಲಿನ ವಿಳಾಸ ಹೆಡ್ಡಾಫೀಸಿಂದಾದ್ರೆ ಉಲ್ಟಾ ತಪ್ಪಾಗುತ್ತೆ. ಜಿಎಸ್‌ಟಿ ರಾಜ್ಯಕ್ಕೊಂದು ನಂಬರು ಸಾಕು, ಮುಖ್ಯ ಸ್ಥಳ ರಾಜಾಜಿನಗರ ಅಂತಿರುತ್ತೆ, ಲೇತ್ ತಿರುಗೋದು ದಾಬಸ್‌ಪೇಟೆಯಲ್ಲಿ.

ಪ್ರಾದೇಶಿಕ ಅಸಮತೋಲನದ ನಂಜುಂಡಪ್ಪ ಸಮಿತಿಯ ಸೂಚ್ಯಂಕವನ್ನೂ ಇಂಥ ವರದಿಗಳಲ್ಲಿ ಹಾಕೋದು ವಾಡಿಕೆ. 2002ರದ್ದು, 35 ಸೂಚಕ, 175 ತಾಲ್ಲೂಕಲ್ಲಿ 114 ಹಿಂದುಳಿದವು ಅಂತ ಗುರುತಿಸಿದ್ದು. ಅನುದಾನ ಹಂಚೋ ಮಟ್ಟಕ್ಕೆ ಮಾಡಿದ ಕೆಲಸ ಅದು. ಇನ್ಸ್‌ಪೆಕ್ಷನ್ ರೂಮಿಗೆ ಅದರಿಂದ ಉತ್ತರ ಬರಲ್ಲ.

ಆರ್‌ಆರ್ ನಂಬರ್

ಬೆಸ್ಕಾಂ ದತ್ತಾಂಶ ಕೇಳಿ, ಆದ್ರೆ ಗ್ರಾಹಕರ ಪಟ್ಟಿ ಕೇಳಬೇಡಿ, ಕೊಡಲ್ಲ, ಕೊಡಲೂಬಾರದು. ಕಳೆದ 36 ತಿಂಗಳ ಎಲ್‌ಟಿ-5 ಮತ್ತು ಎಚ್‌ಟಿ-2(ಎ), ಅಂದ್ರೆ ಕೈಗಾರಿಕಾ ದರದ ಸಂಪರ್ಕಗಳ ಸಂಖ್ಯೆ, ಒಟ್ಟು ವಿದ್ಯುತ್ ಬಳಕೆ, ಸೆಕ್ಷನ್ ಆಫೀಸ್ ಪ್ರಕಾರ ಒಟ್ಟುಗೂಡಿಸಿದ್ದು ಅಂತ ಪತ್ರದಲ್ಲಿ ಬರೀರಿ. ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಮೂಲಕ ಹೋದ್ರೆ ಬೇಗ. ಏರಿಳಿತ ನೋಡೋಕೆ ಚೆನ್ನಾಗಿದೆ, ಯೂನಿಟ್ ಎಣಿಸೋಕೆ ಅಲ್ಲ: ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ನಂಬರ್) ಜಾಗದ ಓನರ್ ಹೆಸರಲ್ಲಿರುತ್ತೆ, ಒಂದು ಮೀಟರಿನ ಹಿಂದೆ ನಾಲ್ಕು ಬಾಡಿಗೆ ಶೆಡ್ಡು. ಮೇಲೆ ಸೋಲಾರ್ ಕೂರಿಸಿದೋರ ಬಳಕೆ ಕಡಿಮೆ ಕಾಣುತ್ತೆ, ಕೆಲಸ ಕಡಿಮೆಯಾಗಿರಲ್ಲ.

ಮೈಕ್ರಾನ್

ಸಿಎಂಎಂ ಬಗ್ಗೆ ನೇರವಾಗಿ ಹೇಳ್ತೀನಿ. ಬೇಡ ಅಂತಲ್ಲ, ಕೇಳಿದ ಪ್ರಶ್ನೆ ತಪ್ಪು. "ಸಿಎಂಎಂ ಇದ್ರೆ ಉಪಯೋಗಿಸ್ತೀರಾ" ಅಂತ ಕೇಳಿದ್ರೆ 120ರಲ್ಲಿ 110 ಜನ ಹೂಂ ಅಂತಾರೆ, ಪುಕ್ಕಟೆ ಹೂಂ. ಕೇಳಬೇಕಾದ್ದು: ಕಳೆದ ತಿಂಗಳು ಎಷ್ಟು ಪೀಸ್ ಹೊರಗೆ ಅಳತೆಗೆ ಕಳಿಸಿದ್ರಿ, ಎಲ್ಲಿಗೆ, ಎಷ್ಟು ದಿನಕ್ಕೆ ವಾಪಸ್ ಬಂತು, ಬಿಲ್ ಎಷ್ಟು. ಬಿಲ್ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ.

ಆಮೇಲೆ ಲೆಕ್ಕ. ಆಪರೇಟರ್ ಸಂಬಳ, ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು), ವರ್ಷಕ್ಕೊಂದು ಕ್ಯಾಲಿಬ್ರೇಶನ್, ದಿನದ 24 ಗಂಟೆ ಓಡೋ ಎಸಿ ಸೇರಿ ವರ್ಷಕ್ಕೆ 18 ಲಕ್ಷ ಅಂದ್ಕೊಳ್ಳಿ. ವರ್ಷಕ್ಕೆ 2,000 ಗಂಟೆ ತೆರೆದಿದ್ದು, ಶೇ. 40 ಬುಕ್ ಆದ್ರೆ 800 ಗಂಟೆ. ಗಂಟೆಗೆ 2,250 ರೂಪಾಯಿ ಬಂದ್ರೆ ಮಾತ್ರ ಸಮ, ಯಂತ್ರದ ಸವಕಳಿ ಬೇರೆ. ಸರ್ವೆಯಲ್ಲಿ ಸಿಕ್ಕ ಬಿಲ್ಲುಗಳು ಇದಕ್ಕಿಂತ ಕಮ್ಮಿ ದರ ತೋರಿಸಿದ್ರೆ ಅಲ್ಲಿಗೆ ಮುಗೀತು. ಅಳತೆಯ ಉಷ್ಣತೆ 20 ಡಿಗ್ರಿ ಅಂತ ಜಗತ್ತಿಗೆಲ್ಲ ಒಂದೇ. ಮೇ ತಿಂಗಳ ಶೆಡ್ಡಿಂದ ಬಂದ ಬಿಸಿ ಪೀಸನ್ನ ಹಾಗೇ ಟೇಬಲ್ ಮೇಲಿಟ್ಟು ಅಳೆಯೋ ಹಾಗಿಲ್ಲ, ರೂಮಲ್ಲಿ ಗಂಟೆಗಟ್ಟಲೆ ತಣಿಯಬೇಕು. 300 ಮಿಲಿಮೀಟರ್ ಸ್ಟೀಲು 10 ಡಿಗ್ರಿ ಹೆಚ್ಚಿದ್ರೆ ಸುಮಾರು 35 ಮೈಕ್ರಾನ್ ಉದ್ದವಾಗಿರುತ್ತೆ, ಡ್ರಾಯಿಂಗಲ್ಲಿ ಕೊಟ್ಟಿರೋ ಟಾಲರೆನ್ಸ್ ಅಷ್ಟೂ ಅದರಲ್ಲೇ ಹೋಯ್ತು. ಜಾಬ್ ವರ್ಕಿನವರಿಗೆ ಬೇಕಾದ್ದು ಅದೇ ದಿನ ರಿಪೋರ್ಟು. ಮಾರನೇ ದಿನ ಅಂದ್ರೆ ಹಳೇ ಜಾಗಕ್ಕೇ ಹೋಗ್ತಾರೆ.

ಕೊಳ್ಳೋಕೆ ಮುಂಚೆ ಇನ್ನೆರಡು ಕೆಲಸ. ಐ-ಸ್ಟೆಮ್ ಪೋರ್ಟಲ್ ಇದೆ, ನಮ್ಮ ಐಐಎಸ್‌ಸಿಯಲ್ಲೇ ನೆಲೆ, ದೇಶದ ಸಂಸ್ಥೆಗಳ ಉಪಕರಣ ಹೊರಗಿನವರೂ ಬುಕ್ ಮಾಡೋ ವ್ಯವಸ್ಥೆ. ಅದರಲ್ಲಿ ನೋಡಿ. ಆಮೇಲೆ 25 ಕಿಲೋಮೀಟರ್ ಒಳಗಿನ ಕಾಲೇಜುಗಳ ಮೆಟ್ರಾಲಜಿ ಲ್ಯಾಬಿಗೆ ಒಮ್ಮೆ ಹೋಗಿ ಬನ್ನಿ, ಕವರ್ ಹೊದ್ದು ಮಲಗಿರೋ ಯಂತ್ರ ಸಿಕ್ಕರೂ ಸಿಗಬಹುದು. ಅಂಥದ್ದು ಸಿಕ್ಕರೆ ನಿಮ್ಮ ಎಂಒಯು ಡೇಟಾ ಕೇಂದ್ರದ್ದಲ್ಲ, ಒಬ್ಬ ಆಪರೇಟರ್ ಸಂಬಳ ಸಂಘದ್ದು, ಯಂತ್ರ ಕಾಲೇಜಿಂದು ಅನ್ನೋ ಎರಡು ಪುಟದ್ದು. ಸಿಎಂಟಿಐ (ಕೇಂದ್ರ ಸರ್ಕಾರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಕೂಡ ತುಮಕೂರು ರಸ್ತೆಯಲ್ಲೇ ಇದೆ, ಆದ್ರೆ ದಾಬಸ್‌ಪೇಟೆಯಿಂದ ಸುಮಾರು 40 ಕಿಲೋಮೀಟರ್, ದಿನದ ಕೆಲಸಕ್ಕೆ ಆಗಲ್ಲ.

ನಿಜವಾಗಿ ಮಾಲು ಎಲ್ಲಿ ಅಲೆಯುತ್ತೆ ಅಂತ ತಿಳೀಬೇಕಾದ್ರೆ ಡೆಲಿವರಿ ಚಲನ್ ಪುಸ್ತಕ ನೋಡಿ. ಜಾಬ್ ವರ್ಕಿಗೆ ಕಳಿಸಿದ್ದರ ಲೆಕ್ಕ ಕೊಡೋ ಜಿಎಸ್‌ಟಿಯ ಐಟಿಸಿ-04 ಫಾರಂ ಹೇಗೂ ತುಂಬಬೇಕು: ವಹಿವಾಟು 5 ಕೋಟಿ ಮೀರಿದ್ರೆ ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ. 20 ಯೂನಿಟ್ಟಿನವರು ಬೆಲೆ ಕಾಲಂ ಮುಚ್ಚಿ ಮೂರು ತಿಂಗಳ ಚಲನ್ ತೋರಿಸಿದ್ರೆ ಸಾಕು, ಹೀಟ್ ಟ್ರೀಟ್‌ಮೆಂಟಿಗೆ ಎಷ್ಟು ಸಲ ಪೀಣ್ಯಕ್ಕೆ ಟೆಂಪೋ ಹೋಯ್ತು, ಪ್ಲೇಟಿಂಗಿಗೆ ಎಷ್ಟು ಸಲ, ಗ್ರೈಂಡಿಂಗಿಗೆ ಎಷ್ಟು ಸಲ ಅಂತ ಎದ್ದು ಕಾಣುತ್ತೆ. ಕೊರತೆ ಅಳತೆಯದ್ದಲ್ಲ, ಹೀಟ್ ಟ್ರೀಟ್‌ಮೆಂಟಿಂದು ಅಂತ ಬಂದ್ರೆ ಸಮಿತಿ ಒಪ್ಪಬೇಕು, ಅದನ್ನ ಈಗಲೇ ಮಿನಿಟ್ಸ್‌ನಲ್ಲಿ ಬರೆಸಿ.

ಮಸೂದೆ ಮಾದಪ್ಪ

ಕೇಂದ್ರದ ಎಂಎಸ್‌ಇ-ಸಿಡಿಪಿ (ಸಣ್ಣ ಉದ್ಯಮ ಸಮೂಹಗಳ ಅಭಿವೃದ್ಧಿ ಯೋಜನೆ) ಅನುದಾನಕ್ಕೆ ಹೋಗುವುದಾದರೆ ಮೈಕ್ರಾನ್ ಅವರ ಲೆಕ್ಕ ಹೇಗೂ ಬೇಕು. 2022ರ ಮಾರ್ಗಸೂಚಿಯಲ್ಲಿ ಸಾಮೂಹಿಕ ಸೌಲಭ್ಯಕ್ಕೆ 5ರಿಂದ 10 ಕೋಟಿಯ ಯೋಜನೆಗೆ ಶೇ. 70, 10ರಿಂದ 30 ಕೋಟಿಗೆ ಶೇ. 60 ಸಿಗುತ್ತದೆ. ಗಮನಿಸಿ, 5 ಕೋಟಿ ಮುಟ್ಟಿಸಬೇಕೆಂದು ಬೇಡದ ಯಂತ್ರ ಸೇರಿಸುವ ಆಸೆ ಇಲ್ಲಿ ಹುಟ್ಟುತ್ತದೆ. ಉಳಿದ ಪಾಲು ಮತ್ತು ನಡೆಸುವ ಖರ್ಚು ನಿಮ್ಮ ತಲೆಯ ಮೇಲೆ.

ಶೆಡ್ ನಂ. 14

ಸರಿ. ಮುಂದಿನ 12ಕ್ಕೆ ಒಂದು ಕ್ರಾಸ್ ರಸ್ತೆಯ 38 ಶೆಡ್ಡಲ್ಲಿ ಪಟ್ಟಿ ಸುತ್ತು ಮಾಡಿ ನೋಡ್ತೀವಿ, ಎಂಒಯು ಆಮೇಲೆ. ಕೋಬೋಟೂಲ್‌ಬಾಕ್ಸಲ್ಲಿ (ಫೋನಲ್ಲಿ ಸರ್ವೆ ತುಂಬೋ ಆಪ್) ಫಾರಂ ಹಾಕಿದ್ದೀವಿ. ಪರೀಕ್ಷೆಗೆ ತುಂಬಿ ನೋಡಿದಾಗ ಜಿಪಿಎಸ್ ಮಾತ್ರ ಶೆಡ್ಡೊಳಗೆ 60–70 ಮೀಟರ್ ತಪ್ಪು ತೋರಿಸ್ತಿದೆ, ನಾಲ್ಕು ಯೂನಿಟ್ ರಸ್ತೆಯ ಆ ಕಡೆ ಬಿದ್ದಿವೆ. ಫೋನ್ ಬದಲಾಯಿಸಬೇಕಾ?

ಲೇತ್‌ಮನೆ

ಫೋನ್ ಬೇಡ. ತಗಡಿನ ಸೂರು, ಒಳಗೆ ಸಿಗ್ನಲ್ ಚೆಲ್ಲಾಪಿಲ್ಲಿ ಆಗುತ್ತೆ. ಗೇಟಿನ ಹೊರಗೆ ನಿಂತು, ಅಕ್ಯುರಸಿ 10 ಮೀಟರಿಗಿಂತ ಕೆಳಗೆ ಬರೋವರೆಗೆ ಕಾಯ್ದು ಸೇವ್ ಮಾಡಿಸಿ, ಜೊತೆಗೆ ಬೋರ್ಡಿನ ಒಂದು ಫೋಟೋ. ಆ ಪ್ರಶ್ನೆಯನ್ನ ಫಾರಂನಲ್ಲಿ ಮೊದಲನೆಯದ್ದಾಗಿ ಇಡಿ, ಕೊನೆಗೆ ಇಟ್ಟಿದ್ದಕ್ಕೇ ಒಳಗೆ ಕೂತು ಒತ್ತಿದಾರೆ.